ಹಿಟ್ಟು ಹಚ್ಚಿ ಸೋರಿಕೆ ಹಿಡಿಯುವ ರಸೂಲಸಾಬ

ಕುಕನೂರಿನಿಂದ ಕೊಪ್ಪಳದ ಕಡೆ ಹೊರಟರೆ ಊರು ಮುಗಿಯುವಲ್ಲಿ ಎಡಕ್ಕೊಂದು ತಗಡಿನ ಶೆಡ್ಡು ಸಿಗುತ್ತದೆ. ಅದಕ್ಕೆ ಬೋರ್ಡಿಲ್ಲ. ಬೋರ್ಡು ಯಾತಕ್ಕೆ ಬೇಕು ಹೇಳಿ? ಸ್ಟೇರಿಂಗಿನ ಎಣ್ಣೆ ಸೋರುತ್ತಿದೆಯೆಂದು ಯಲಬುರ್ಗಾದಿಂದ ಕುಷ್ಟಗಿಯ ತನಕ ಯಾವ ಡ್ರೈವರನ ಮುಂದೆ ಬಾಯಿಬಿಟ್ಟರೂ ಒಂದೇ ಮಾತು: "ಹಿಟ್ಟಿನ ಸಾಬನ ಹಂತ್ಯಾಕ ಹೋಗು." ಹಿಟ್ಟಿನ ಸಾಬ ಎಂದರೆ ರಸೂಲಸಾಬ. ಗಿರಣಿ ಇಟ್ಟವನಲ್ಲ, ಗಾಡಿ ರಿಪೇರಿ ಮಾಡುವವನು.

ಈ ಹೆಸರು ಬಂದದ್ದು ಅವನ ಕೆಲಸದ ಪದ್ಧತಿಯಿಂದ. ಪವರ್ ಸ್ಟೇರಿಂಗಿನ ಎಣ್ಣೆ ಮಹಾ ಕಳ್ಳ ಎಣ್ಣೆ. ಸೋರುವುದು ಪಂಪಿನ ಹತ್ತಿರ, ಪೈಪಿನ ಬೆನ್ನ ಮೇಲೆ ಹರಿದುಹೋಗಿ ತೊಟ್ಟಿಕ್ಕುವುದು ಇನ್ನೆಲ್ಲೋ ಸ್ಟೇರಿಂಗ್ ಬಾಕ್ಸಿನ ಕೆಳಗೆ. ಅವಸರದ ಮೆಕ್ಯಾನಿಕ್ಕು ತೊಟ್ಟಿಕ್ಕಿದಲ್ಲೇ ಬಿಚ್ಚುತ್ತಾನೆ, ಗಿರಾಕಿ ವಾರ ಕಳೆಯುವುದರೊಳಗೆ ಬೈಯುತ್ತ ವಾಪಸು ಬರುತ್ತಾನೆ. ರಸೂಲಸಾಬನದು ಬೇರೆ ದಾರಿ. ಮೊದಲು ಡೀಸೆಲ್ಲಿನಲ್ಲಿ ಬ್ರಷ್ಷು ಅದ್ದಿ ಹಳೆಯ ಜಿಡ್ಡನ್ನೆಲ್ಲ ತಿಕ್ಕಿ ತೆಗೆಯುತ್ತಾನೆ. ಸೋಪಿನ ನೀರು ಹೊಡೆದು ಒಣಗಲು ಬಿಡುತ್ತಾನೆ. ಆಮೇಲೆ ತೆಳ್ಳನೆಯ ಬಟ್ಟೆಯಲ್ಲಿ ಜೋಳದ ಹಿಟ್ಟು ಕಟ್ಟಿಕೊಂಡು ಪಂಪು, ಪೈಪು, ಬಾಕ್ಸು ಎಲ್ಲದರ ಮೇಲೂ ತಟ್ಟಿ ತಟ್ಟಿ ಉದುರಿಸುತ್ತಾನೆ. ಇಂಜಿನ್ನು ಶುರು ಮಾಡಿಸಿ, ಸ್ಟೇರಿಂಗ್ ಚಕ್ರವನ್ನು ಎಡಕ್ಕೆ ಕೊನೆತನಕ, ಬಲಕ್ಕೆ ಕೊನೆತನಕ ತಿರುಗಿಸಲು ಹೇಳಿ, ತಾನು ಕೆಳಗೆ ಅಂಗಾತ ಮಲಗಿ ಬ್ಯಾಟರಿ ಹಿಡಿಯುತ್ತಾನೆ. ಬೆಳ್ಳಗಿನ ಹಿಟ್ಟಿನಲ್ಲಿ ಮೊದಲು ಎಲ್ಲಿ ಎಣ್ಣೆಯ ಕೆಂಪು ಒಸರುತ್ತದೋ ಅಲ್ಲಿದೆ ರೋಗ. ಉಳಿದದ್ದೆಲ್ಲ ಬರೀ ಹರಿದ ದಾರಿ.

ಹೆಂಡತಿ ಅಬೇದಾಬಿಗೆ ಮಾತ್ರ ಇದು ಎಂದೂ ಒಪ್ಪಿಗೆಯಾಗಿಲ್ಲ. "ಮಂದಿ ರೊಟ್ಟಿಗೆ ಹಿಟ್ಟು ಹಚ್ಚತಾರ, ನೀವು ಗಾಡಿಗೆ ಹಚ್ರಿ. ಅಲ್ಲಾ ಮ್ಯಾಲಿಂದ ನೋಡಾಕತ್ಯಾನ" ಎಂದು ಗೊಣಗುತ್ತಾಳೆ. "ಹುಳಾ ಹತ್ತಿದ ಜ್ವಾಳದ ಹಿಟ್ಟವಾ ಅದು, ತಿನ್ನಾಕ ಬರಂಗಿಲ್ಲ" ಎಂದು ಇವನು. "ಹುಳಾ ಹತ್ತೂ ತನಕಾ ಇಟ್ಟಾವ್ರು ಯಾರು?" ಎಂದು ಅವಳು. ಈ ಜಗಳಕ್ಕೆ ಅವರ ಮದುವೆಯಷ್ಟೇ ವಯಸ್ಸಾಗಿದೆ.

ರಸೂಲಸಾಬನ ಅಪ್ಪ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಸ್ಟೀಲು ಬಂದು ಕಲಾಯಿ ಕೆಲಸ ಮಣ್ಣುಪಾಲಾಯಿತು. ಮಗ ಗಂಗಾವತಿಗೆ ಹೋಗಿ, ಅಕ್ಕಿ ಗಿರಣಿಗಳ ಲಾರಿ ರಿಪೇರಿ ಮಾಡುವ ಉಸ್ತಾದನೊಬ್ಬನ ಕೈಯಲ್ಲಿ ಏಟು ತಿನ್ನುತ್ತ ಕೆಲಸ ಕಲಿತ. ಉಸ್ತಾದ ಕಲಿಸಿದ್ದು ಸ್ವಲ್ಪ, ಬಡಿದದ್ದು ಭಾಳ. ಆದರೆ ಒಂದು ಮಾತು ಮಾತ್ರ ತಲೆಗೆ ಹೊಕ್ಕಿತು: ಸ್ಟೇರಿಂಗಿನ ಕೆಲಸದಲ್ಲಿ ಸುಳ್ಳು ಹೇಳಬೇಡ. ರಸೂಲಸಾಬನ ಬಾಯಿ ಕೆಟ್ಟದ್ದು, ಸಿಟ್ಟು ಮೂಗಿನ ತುದಿಯಲ್ಲೇ. ಪೋಲಿ ಮಾತು ಆಡುತ್ತಾನೆ, ಗಿರಾಕಿಯ ಮುಖದ ಮೇಲೆ ಸ್ಪ್ಯಾನರು ಎಸೆಯಲಿಕ್ಕೂ ಹಿಂದೆಮುಂದೆ ನೋಡುವುದಿಲ್ಲ. ಆದರೂ ಗಾಡಿಯ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಒಂದೇ ಒಂದು ಸಲ ಹೇಳಿದ. ಹೋದ ವರ್ಷ, ಮಂಗಳೂರಿನ ದ್ಯಾಮಣ್ಣ ಸತ್ತಾಗ.

ಮಂಗಳೂರು ಎಂದರೆ ಕಡಲ ದಂಡೆಯದಲ್ಲ, ನಮ್ಮ ಯಲಬುರ್ಗಾ ಸೀಮೆಯ ಮಂಗಳೂರು. ಕಾಲುವೆಗೆ ನೀರು ಬಿಟ್ಟ ಕೂಡಲೆ ಗಂಗಾವತಿ ಕಡೆಯ ಗದ್ದೆಗಳಲ್ಲಿ ಎಲ್ಲರಿಗೂ ಒಟ್ಟಿಗೇ ನಾಟಿಯ ಗಡಿಬಿಡಿ. ಒಣ ಸೀಮೆಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ನಸುಕಿನಲ್ಲೇ ಗಾಡಿ ಹತ್ತುತ್ತಾರೆ. ದ್ಯಾಮಣ್ಣ ತನ್ನ ಹಳೆಯ ಕ್ರೂಸರ್ ಜೀಪಿನಲ್ಲಿ ಅವರನ್ನು ತುಂಬಿಕೊಂಡು ಹೋಗಿ, ಸಂಜೆ ತುಂಬಿಕೊಂಡು ಬರುತ್ತಿದ್ದ. ಅವನ ಹೆಂಡತಿ ಮುದಕಮ್ಮ ಆ ಗುಂಪಿನ ಮುಂದಾಳು. ಮಕ್ಕಳಿಲ್ಲದ ಗಂಡಹೆಂಡತಿ, ಗಾಡಿಯನ್ನೇ ಮಗನ ಹಾಗೆ ನೋಡಿಕೊಂಡಿದ್ದರು. ರಸೂಲಸಾಬನಿಗೆ ದ್ಯಾಮಣ್ಣ ಗಿರಾಕಿ ಅಷ್ಟೇ ಅಲ್ಲ, ಗೆಳೆಯ. ಗಾಡಿಯಲ್ಲಿ ಏನೂ ಕೆಟ್ಟಿರದಿದ್ದರೂ ಶೆಡ್ಡಿಗೆ ಬಂದು ಚಹಾ ಕುಡಿದು, ನಾಲ್ಕು ಬೈಗುಳ ತಿಂದು ಹೋಗುತ್ತಿದ್ದ.

ಆ ದಿನ ಬೆಳಿಗ್ಗೆ ಗಂಗಾವತಿ ಹತ್ತಿರದ ಕಾಲುವೆ ರಸ್ತೆಯ ತಿರುವಿನಲ್ಲಿ ಕ್ರೂಸರು ತಿರುಗಲಿಲ್ಲ. ನೆಟ್ಟಗೆ ಹೋಗಿ ಕಾಲುವೆಗೆ ಬಿತ್ತು. ನೀರು ಎದೆಮಟ್ಟ ಹರಿಯುತ್ತಿತ್ತು. ಸುತ್ತಲ ಗದ್ದೆಯವರು ಓಡಿಬಂದು ಹೆಣ್ಣುಮಕ್ಕಳನ್ನು ಎಳೆದು ಹಾಕಿದರು. ಮುದಕಮ್ಮನ ಮೊಣಕೈ ಮುರಿಯಿತು. ಇಬ್ಬರು ಬದುಕಲಿಲ್ಲ: ಸ್ಟೇರಿಂಗಿಗೆ ಎದೆ ಒತ್ತಿ ಸಿಕ್ಕಿಬಿದ್ದ ದ್ಯಾಮಣ್ಣ, ಮತ್ತು ಬಾಗಿಲ ಪಕ್ಕ ಕೂತಿದ್ದ ಮಹೇಶ್ವರಿ. ಮಹೇಶ್ವರಿ ಅದೇ ಊರಿನ ಪಾರ್ವತೆಮ್ಮನ ಒಬ್ಬಳೇ ಮಗಳು. ಅವಳ ಲಗ್ನ ಗೊತ್ತಾಗಿತ್ತು.

ಗಾಡಿ ಎತ್ತುವಾಗ ಡ್ರೈವರ್ ಸೀಟಿನ ಕೆಳಗಿಂದ ಒಂದು ಕ್ವಾರ್ಟರ್ ಬಾಟಲಿ ಉರುಳಿಬಿತ್ತು. ಖಾಲಿ ಬಾಟಲಿ. ಅಷ್ಟು ಸಾಕಾಯಿತು ನೋಡಿ ಊರಿಗೆ! ದ್ಯಾಮಣ್ಣ ಹಿಂದೊಮ್ಮೆ ಕುಡಿಯುತ್ತಿದ್ದದ್ದು ನಿಜ. ಬಿಟ್ಟು ಯಾವ ಕಾಲವಾಗಿತ್ತೋ. ಮುಂದೆ ಕೂತಿದ್ದ ಹೆಣ್ಣುಮಗಳೊಬ್ಬಳು, "ಎರಡೂ ಕೈಲೆ ಚಕ್ರ ಜಗ್ಗಾಕತ್ತಿದ್ದ, ಅದು ತಿರಗಲೇ ಇಲ್ಲ" ಎಂದರೆ, "ಕುಡದಾಂವ್ಗ ತನ್ನ ಕುತಗೀನ ತಿರಗಂಗಿಲ್ಲ, ಚಕ್ರ ಹೆಂಗ ತಿರಗತೈತಿ" ಎಂದು ಅವಳ ಬಾಯಿ ಮುಚ್ಚಿಸಿದರು. ಆಸ್ಪತ್ರೆಯ ವರದಿ ಬರಲು ತಡವಿತ್ತು, ಊರಿನ ಬಾಯಿಗೆ ಅಷ್ಟು ತಾಳ್ಮೆ ಎಲ್ಲಿ? ಕುಡಿದು ಓಡಿಸಿ ಪಾರ್ವತೆಮ್ಮನ ಮಗಳನ್ನು ಕೊಂದ ಎಂದು ತೀರ್ಪಾಗಿಹೋಯಿತು. ಮುದಕಮ್ಮ ನೀರಿಗೆ ಬಂದರೆ ನಲ್ಲಿಯ ಮುಂದಿನ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಪಾರ್ವತೆಮ್ಮ ಬಂದು ಅವಳ ಹೊಸ್ತಿಲಿಗೆ ಮಣ್ಣು ತೂರಿ ಹೋದಳು.

ದಿನಕರ್ಮ ಮುಗಿದ ಮೇಲೆ ಮುದಕಮ್ಮ, ಕೈಗೆ ಪಟ್ಟಿ ಕಟ್ಟಿಕೊಂಡೇ, ಕುಕನೂರಿನ ಬಸ್ಸು ಹತ್ತಿ ಶೆಡ್ಡಿಗೆ ಬಂದಳು.

"ರಸೂಲಣ್ಣಾ, ಪೊಲೀಸರು ಗಾಡಿ ಬಿಟ್ಟು ಕೊಟ್ಟಾರ. ಟ್ರ್ಯಾಕ್ಟರಿಗೆ ಕಟ್ಟಿ ಇಲ್ಲಿಗೆ ತರಸ್ತೀನ್ರಿ. ರಿಪೇರಿ ಬ್ಯಾಡ. ಯಾಕ ತಿರಗಲಿಲ್ಲ ಅದನ್ನಷ್ಟು ನೋಡ್ರಿ."

"ನೋಡಿ ಏನ್ ಮಾಡ್ತೀವಾ ತಂಗಿ? ಹೋದಾಂವ ಬರ್ತಾನೇನು?"

"ಬರೂದು ಬ್ಯಾಡ್ರಿ. ಹೋದಾಂವ ಹೆಸರರೆ ತಗೊಂಡು ಹೋಗ್ಲಿ. ಕುಡದು ಮಂದೀನ್ನ ಕೊಂದಾಂವನ ಹೇಣ್ತಿ ಅನಿಸ್ಕೊಂಡು ನಾ ಆ ಊರಾಗ ಹೆಂಗ ಬಾಳೂದ್ರಿ? ಅವರು ಕುಡದಿದ್ದಿಲ್ಲ. ನನ್ನ ಮಾತು ಯಾರೂ ನಂಬಂಗಿಲ್ಲ. ನೀವು ಹೇಳಿದ್ರ ನಂಬತಾರ."

ರಸೂಲಸಾಬ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. "ತರಸು" ಎಂದ.

ಗಾಡಿ ಬಂತು. ಮುಂಭಾಗ ಮುದ್ದೆಯಾಗಿ, ಒಳಗೆಲ್ಲ ಕಾಲುವೆಯ ಕೆಸರು ಒಣಗಿ ಕಲ್ಲಾಗಿತ್ತು. ಇಂಜಿನ್ನು ತಿರುಗುವ ಮಾತೇ ಇರಲಿಲ್ಲ. ಮುದಕಮ್ಮ ಶೆಡ್ಡಿನ ಕಂಬಕ್ಕೆ ಒರಗಿ ಕೂತಳು. "ಮನಿಗೆ ಹೋಗವಾ" ಎಂದರೆ ಏಳಲಿಲ್ಲ. ಅಬೇದಾಬಿ ಒಳಗಿನಿಂದ ಚಹಾ ತಂದು ಕೈಗಿಟ್ಟು, ಪಕ್ಕದಲ್ಲಿ ತಾನೂ ಕೂತಳು.

ರಸೂಲಸಾಬ ಮೊದಲು ಬಾಟಲಿ ಕೇಳಿದ. ಪೊಲೀಸರು ಗಾಡಿಯ ಜೊತೆ ಬಿಟ್ಟುಕೊಟ್ಟಿದ್ದ ಅದನ್ನು ಮುದಕಮ್ಮ ಸೆರಗಿನ ಗಂಟಿನಲ್ಲೇ ತಂದಿದ್ದಳು. ಬಿರಡೆ ತೆಗೆದು ಮೂಸಿದ. ಹೆಂಡದ ವಾಸನೆಯಲ್ಲ. ತಳದಲ್ಲಿ ಅಂಟಿದ್ದ ಕೆಂಪು ತೇವಕ್ಕೆ ಬೆರಳಿಟ್ಟು ತಿಕ್ಕಿ ನೋಡಿದ. ಸ್ಟೇರಿಂಗ್ ಎಣ್ಣೆ. ಎಣ್ಣೆ ಕಡಿಮೆಯಾದರೆ ಸುರಿಯಲೆಂದು ದ್ಯಾಮಣ್ಣ ಅದರಲ್ಲಿ ತುಂಬಿಟ್ಟುಕೊಂಡಿದ್ದ. ಎಷ್ಟೋ ಡ್ರೈವರುಗಳು ಹೀಗೇ ಇಟ್ಟುಕೊಳ್ಳುತ್ತಾರೆ, ಆ ಬಾಟಲಿ ಸೀಟಿನ ಕೆಳಗೆ ಸರಿಯಾಗಿ ಕೂರುತ್ತದೆ. "ಹುಚ್ಚ ಸೂಳಿಮಗನ, ಬ್ಯಾರೆ ಬಾಟಲಿ ಸಿಗಲಿಲ್ಲೇನಲೇ ನಿನಗ" ಎಂದು ಸತ್ತ ಗೆಳೆಯನನ್ನು ಬೈದು, ಕಣ್ಣು ಒರೆಸಿಕೊಂಡ.

ಆಮೇಲೆ ಕೆಲಸಕ್ಕೆ ಇಳಿದ. ನೀರು ಹಾಕಿ ಹಾಕಿ ಕೆಸರು ನೆನೆಸಿದ, ಬ್ರಷ್ಷಿನಿಂದ ಪದರು ಪದರಾಗಿ ತೆಗೆದ. ಪಂಪನ್ನು ಬಿಚ್ಚಿ ಹಲಗೆಯ ಮೇಲಿಟ್ಟು, ಹೊಸ ಎಣ್ಣೆ ತುಂಬಿ, ಹಿಟ್ಟು ಉದುರಿಸಿ, ಕೈಯಿಂದಲೇ ತಿರುಗಿಸಿದ. ಹಿಟ್ಟು ಬೆಳ್ಳಗೇ ಉಳಿಯಿತು, ಪಂಪಿನ ಸೀಲು ಗಟ್ಟಿಯಾಗಿತ್ತು. ಸ್ಟೇರಿಂಗ್ ಬಾಕ್ಸು ನೋಡಿದ, ಅದೂ ಒಣಗಿತ್ತು. ಪಂಪಿನಿಂದ ಬಾಕ್ಸಿಗೆ ಹೋಗುವ ಪ್ರೆಶರ್ ಪೈಪು ಅಪ್ಪಚ್ಚಿಯಾಗಿತ್ತೇ ಹೊರತು ಒಡೆದಿರಲಿಲ್ಲ. ಉಳಿದದ್ದು ಬಾಕ್ಸಿನಿಂದ ಎಣ್ಣೆಯ ಡಬ್ಬಿಗೆ ವಾಪಸು ಬರುವ ರಿಟರ್ನ್ ಪೈಪು. ಅದರ ಕೆಸರು ಒರೆಸಿದರೆ ಒಳಗಿಂದ ಹಳದಿ ಬಣ್ಣ ಕಂಡಿತು.

ಯಾವ ಗಾಡಿಯ ಸ್ಟೇರಿಂಗಿಗೂ ಹಳದಿ ಪೈಪು ಬರುವುದಿಲ್ಲ. ಇದು ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ಪೈಪು. ನೋಡಲು ದಪ್ಪ, ಒಳಗೆ ನೂಲಿನ ನೇಯ್ಗೆ, ಎಷ್ಟು ಜಗ್ಗಿದರೂ ಹರಿಯುವುದಿಲ್ಲ. ಔಷಧಿಗೆ ಅದು ಭಾಳ ಛಲೋ ಪೈಪು. ಆದರೆ ಅದು ಪ್ಲಾಸ್ಟಿಕ್ಕು. ಇಂಜಿನ್ನಿನ ಪಕ್ಕ ಕಾದ ಎಣ್ಣೆ ಹರಿದರೆ ಮೆತ್ತಗಾಗಿ ಅಗಲವಾಗುತ್ತದೆ, ಕ್ಲಿಪ್ಪಿನ ಹಿಡಿತದಿಂದ ಜಾರುತ್ತದೆ. ಇಲ್ಲಿ ಆದದ್ದೂ ಅದೇ. ಪೈಪಿನ ತುದಿ ಉಬ್ಬಿ ಕ್ಲಿಪ್ಪಿನಿಂದ ಕಳಚಿಬಿದ್ದಿತ್ತು. ರಸೂಲಸಾಬ ಬಾನೆಟ್ಟಿನ ಒಳಮೈಯ ಕೆಸರನ್ನು ಉಗುರಿನಿಂದ ಕೆರೆದ. ಕೆಸರಿನ ಕೆಳಗೆ ಕೆಂಪು ಎಣ್ಣೆಯ ಸಿಡಿತ. ಇಂಜಿನ್ನಿನ ಫ್ಯಾನು ಎರಚಿದ ಎಣ್ಣೆ ಅದು. ಅಂದರೆ ನೀರಿಗೆ ಬೀಳುವ ಮೊದಲೇ, ಗಾಡಿ ಓಡುವಾಗಲೇ ಪೈಪು ಕಳಚಿದೆ. ಎಣ್ಣೆಯೆಲ್ಲ ಹೋಗಿ, ತುಂಬಿದ ಗಾಡಿಯ ಸ್ಟೇರಿಂಗು ಒಮ್ಮೆಗೇ ಕಲ್ಲಾಗಿ, ದ್ಯಾಮಣ್ಣ ಎರಡೂ ಕೈಯಿಂದ ಜಗ್ಗಿದರೂ ಆ ತಿರುವಿಗೆ ಅವನ ಬಲ ಸಾಲಲಿಲ್ಲ.

ಸಿಕ್ಕಿತು! ರಸೂಲಸಾಬ ಎದ್ದು ನಿಂತ. ದ್ಯಾಮಣ್ಣ ಕುಡಿದಿರಲಿಲ್ಲ, ಇದೇ ಸಾಕ್ಷಿ. ಪೈಪಿನ ತುಂಡನ್ನು ಹಿಡಿದು ಕಂಬದ ಕಡೆ ತಿರುಗಿದ. ಇವನು ಬಾಯಿ ತೆರೆಯುವ ಮೊದಲೇ ಮುದಕಮ್ಮನ ಮುಖ ಅರಳಿತು. ಗಂಡ ಸತ್ತ ಮೇಲೆ ಅವಳ ಮುಖದಲ್ಲಿ ಮೊದಲ ಸಲ ಕಂಡ ಬೆಳಕು.

"ಅಯ್ಯ, ಅದು ನಮ್ಮ ಪೈಪ ಐತಲ್ರಿ ಅಣ್ಣಾ! ನಾನ ಕೊಟ್ಟದ್ದು!"

"ಏನಂದಿ?"

"ಅವತ್ತ ನಸುಕಿನ್ಯಾಗ ಹಳೀ ಪೈಪು ಸೀಳಿಬಿಟ್ಟಿತ್ರಿ. ಹೆಣ್ಣಮಕ್ಕಳೆಲ್ಲಾ ಬುತ್ತಿ ಕಟ್ಕೊಂಡು ಗಾಡಿ ಹತ್ತಿ ಕುಂತಾರ. ಆ ಹೊತ್ನ್ಯಾಗ ಯಾವ ಅಂಗಡಿ ತಗದಿರ್ತೈತಿ? ಇವತ್ತ ಹೋಗೂದ ಬ್ಯಾಡ, ಕುಕನೂರಿಗೆ ಹೋಗಿ ರಸೂಲಣ್ಣನ್ನ ಕೇಳ್ತೀನಿ ಅಂದ್ರು ನಮ್ಮ ಯಜಮಾನ್ರು. ಒಂದಿನ ಬಿಟ್ರ ಗದ್ದಿ ಮಾಲಕರು ಬ್ಯಾರೆ ಗುಂಪು ಹಚ್ಚತಾರ್ರಿ. ನಾನ ಹೋಗಿ ಔಷಧಿ ಪಂಪಿನ ಹೊಸಾ ಪೈಪು ಕೊಯ್ದು ತಂದ್ನಿ. ಮೂರು ಮಂದಿ ಜಗ್ಗಿದ್ರೂ ಹರಿಯಂಗಿಲ್ಲ ಅದು. ಹಾಕ್ಕೊಂಡು ನಕ್ರು. ನೀ ಇದ್ದದ್ದಕ್ಕ ಬಚಾವಾದ್ನಿ ಮುದಕಿ, ಅಂದ್ರು. ಅದ ಕಡೀ ಮಾತು ಆತ್ ನೋಡ್ರಿ ನನ್ನ ಕೂಡ."

ಅಳುತ್ತಲೇ ನಗುತ್ತಿದ್ದಳು. ಅಬೇದಾಬಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಪೈಪಿನ ವಿದ್ಯೆ ಗೊತ್ತಿಲ್ಲ, ಗಂಡನ ಮುಖ ಓದುವುದು ಗೊತ್ತು.

"ಪೈಪು ಯಾಕ ಬಿಚ್ಚೇತಿ ಅಣ್ಣಾ?"

ಏನು ಹೇಳಬೇಕಿತ್ತು ಹೇಳಿ? ನಿನ್ನ ಗಂಡನ ಹೆಸರು ಉಳಿಯಿತು ತಾಯಿ, ಆದರೆ ಅವನನ್ನು ಕೊಂದದ್ದು ನಿನ್ನ ಕೈ, ಎನ್ನಬೇಕಿತ್ತೇ? ಯಾವ ನಾಲಿಗೆ ಅದನ್ನು ಆಡೀತು?

"ಗಾಡಿ ಬಿದ್ದಾಗ ಜಗ್ಗಿ ಬಿಚ್ಚೇತಿ" ಎಂದ ರಸೂಲಸಾಬ. "ಪೈಪಿಂದೇನಿಲ್ಲ. ಪಂಪಿನ ಸೀಲು ಹೋಗೇತಿ. ಒಳಗಿಂದು. ಯಾರ ಕಣ್ಣಿಗೂ ಕಾಣಂಗಿಲ್ಲ."

ಪಂಪು ಹಲಗೆಯ ಮೇಲೆ, ಮೈತುಂಬ ಬೆಳ್ಳಗಿನ ಹಿಟ್ಟು ಹೊದ್ದು ಕೂತಿತ್ತು. ಅವನು ಅದರ ಮೇಲೆ ಚಿಂದಿ ಬಟ್ಟೆ ಎಳೆದ.

ಮರುದಿನ ಅವನೇ ಮಂಗಳೂರಿಗೆ ಹೋದ. ಊರಿನ ಹಿರಿಯ ಶರಣಬಸಪ್ಪ ಕಟ್ಟೆಗೆ ಎಲ್ಲರನ್ನೂ ಕರೆಸಿದ್ದ. ರಸೂಲಸಾಬ ಬಾಟಲಿಯನ್ನು ಒಬ್ಬೊಬ್ಬರ ಮೂಗಿಗೂ ಹಿಡಿದ. "ಮೂಸ್ರಿ. ಬಾಯಿಲೆ ತೀರ್ಪು ಕೊಟ್ರಿ, ಈಗ ಮೂಗಿಲೆ ಕೊಡ್ರಿ" ಎಂದು ರೇಗಿದ. ಮೂಸಿದವರು ತಲೆ ತಗ್ಗಿಸಿದರು. ಸ್ಟೇರಿಂಗಿನ ಎಣ್ಣೆ ಖಾಲಿಯಾದರೆ ತುಂಬಿದ ಗಾಡಿ ಹೇಗೆ ತಿರುಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿದ. ಅಷ್ಟರ ತನಕ ಎಲ್ಲವೂ ನಿಜ.

ಗುಂಪಿನ ಅಂಚಿನಿಂದ ಪಾರ್ವತೆಮ್ಮ ಕೇಳಿದಳು. ಅತ್ತು ಅತ್ತು ದನಿ ಬತ್ತಿತ್ತು. "ಹಂಗಾದ್ರ ನನ್ನ ಮಗಳು ಸತ್ತದ್ದಕ್ಕ ಯಾರದೂ ತಪ್ಪಿಲ್ಲೇನ್ರಿ?"

"ಯಾರದೂ ಇಲ್ಲವಾ. ಪಂಪು ಹೋತು."

ಆ ಮಾತು ಊರನ್ನು ಸಡಿಲಿಸಿತು. ಶರಣಬಸಪ್ಪನೇ ಎದ್ದು ಬಂದು ಮುದಕಮ್ಮನಿಗೆ ಕೈಮುಗಿದ. ನಲ್ಲಿಯ ಮುಂದಿನ ಹೆಂಗಸರು ಅವಳ ಕೊಡ ತಾವೇ ತುಂಬಿಕೊಟ್ಟರು. ಪಾರ್ವತೆಮ್ಮ ಮಾತ್ರ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುದಕಮ್ಮ ಒಂದೇ ಕೈಯಲ್ಲಿ ರೊಟ್ಟಿ ಬಡಿದು ಒಯ್ದಳು, ತುತ್ತು ಮಾಡಿ ಅವಳ ಬಾಯಿಗಿಟ್ಟಳು. ಮಗಳನ್ನು ಕಳಕೊಂಡವಳು, ಗಂಡನನ್ನು ಕಳಕೊಂಡವಳು. ಕೈಯ ಪಟ್ಟಿ ಬಿಚ್ಚಿದ ಮೇಲೆ ಇಬ್ಬರೂ ಒಂದೇ ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೋಗಲು ಶುರು ಮಾಡಿದರು. ಈ ಸುದ್ದಿ ಕುಕನೂರಿಗೆ ಬಂದಾಗ ರಸೂಲಸಾಬ ಹೆಂಡತಿಯ ಮುಂದೆ, "ನಾ ಹೇಳಿದ್ದು ಛಲೋ ಆತಿಲ್ಲೋ?" ಎಂದ. ಅಬೇದಾಬಿ ಒಲೆಯ ಕಡೆ ತಿರುಗಿದಳು. ಆಗಲೇ ಅವನು ಅವಳಿಗೆ ಎಲ್ಲ ಹೇಳಿಯಾಗಿತ್ತು. ಹೆಂಡತಿಯ ಮುಂದೆ ಸುಳ್ಳು ಹೇಳುವ ವಿದ್ಯೆಯನ್ನು ಅವನ ಉಸ್ತಾದನೂ ಕಲಿಸಿರಲಿಲ್ಲ.

ನಾಟಿ ಮುಗಿದು ಕಳೆ ತೆಗೆಯುವ ಕಾಲ ಬಂತು. ಈಗ ಮಂಗಳೂರಿನ ಹೆಣ್ಣುಮಕ್ಕಳನ್ನು ಒಯ್ಯುವವನು ವಿರುಪಾಕ್ಷಿ, ದ್ಯಾಮಣ್ಣನ ಜೊತೆಗಾರ. ಒಂದು ಮಧ್ಯಾಹ್ನ ಅವನು ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ.

"ಸ್ಟೇರಿಂಗ್ ಗುಂಯ್ ಅಂತೈತ್ರಿ ಸಾಬರ, ಎಣ್ಣಿನೂ ಇಳ್ಯಾಕತ್ತೇತಿ. ಒಂದೀಟು ಹಿಟ್ಟು ಹಚ್ಚಿ ನೋಡ್ರಿ."

ಹಿಟ್ಟು ಹಚ್ಚುವುದು ಬೇಕಾಗಲಿಲ್ಲ. ಬಾನೆಟ್ಟು ಎತ್ತಿದ ಕೂಡಲೆ ಹಳದಿ ಕಂಡಿತು. ತುದಿ ಆಗಲೇ ಉಬ್ಬಿ, ಕ್ಲಿಪ್ಪಿನ ಅಂಚಿನಲ್ಲಿ ಎಣ್ಣೆ ಒಸರುತ್ತಿತ್ತು.

"ಇದನ್ನ ಯಾರು ಹಾಕಿದ್ರಲೇ?"

"ನಾನ ಹಾಕೇನ್ರಿ. ಮುದಕವ್ವ ಕೊಟ್ಲು. ಇನ್ನ ಔಷಧಿ ಹೊಡ್ಯಾಕ ಯಾರದಾರ, ಸುರುಳಿ ಸುಮ್ನ ಬಿದ್ದೈತಿ, ಅಂತ ಕೇಳಿದಾವ್ರಿಗೆಲ್ಲಾ ಕೊಯ್ದು ಕೊಡಾಕತ್ಯಾಳ್ರಿ. ಊರಾಗ ಇನ್ನೂ ನಾಕು ಗಾಡ್ಯಾಗ ಐತಿ."

"ತಲ್ಯಾಗ ಮೆದುಳೈತೋ ಸಗಣಿ ಐತೋ ನಿನಗ? ಇದು ಸ್ಟೇರಿಂಗಿಗೆ ಹಾಕೂ ಪೈಪೇನಲೇ?"

ವಿರುಪಾಕ್ಷಿಗೆ ಗಾಬರಿಯಾಯಿತು. "ನೀವ ಹೇಳಿದ್ರಲ್ರಿ ಕಟ್ಟಿ ಮ್ಯಾಲೆ. ಪಂಪು ಹೋತು, ಪಂಪು ಹೋತು ಅಂತ. ಅಷ್ಟು ದೊಡ್ಡ ಪೆಟ್ಟು ಬಿದ್ರೂ ಪೈಪು ಒಂದು ಕೂದಲೆಳಿ ಹರದಿಲ್ಲ ಅಂತ ಊರೆಲ್ಲಾ ಮಾತಾಡ್ತೈತ್ರಿ. ಹಿಟ್ಟಿನ ಸಾಬನ ನೋಡ್ಯಾನ ಅಂದ ಮ್ಯಾಲೆ ಇನ್ನೇನು ಅನಮಾನ್ರಿ?"

ರಸೂಲಸಾಬ ಮಡ್‌ಗಾರ್ಡಿಗೆ ಒರಗಿ ನಿಂತ. ಈ ಗಾಡಿಯಲ್ಲಿ ನಿನ್ನೆ ಯಾರು ಯಾರು ಕೂತಿದ್ದರು? ಮುದಕಮ್ಮ. ಪಾರ್ವತೆಮ್ಮ. ಅದೇ ಕಾಲುವೆ, ಅದೇ ತಿರುವು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಬೇದಾಬಿ ಅಂದಳು: "ಈ ಗಾಡಿದು ಬಿಚ್ಚತೀರಿ. ಉಳಿದ ನಾಕು?"

"ಸುಮ್ನಿರವಾ ನೀ."

"ಆಕಿ ಜೀವಕ್ಕ ನೋವಾಗಬಾರ್ದಂತ ಸುಳ್ಳು ಹೇಳಿದ್ರಿ, ನಾ ಬ್ಯಾಡ ಅನ್ನಲಿಲ್ಲ. ಈಗ ಮತ್ತ ಹೆಣ ಬಿದ್ರ ಅದನ್ನೂ ಪಂಪಿನ ಮ್ಯಾಲೆ ಹಾಕ್ತೀರೇನು?"

ವಿರುಪಾಕ್ಷಿಯ ಗಾಡಿಗೆ ಸರಿಯಾದ ರಬ್ಬರ್ ಪೈಪು ಕೂರಿಸಿ, ಉಳಿದವಕ್ಕೆ ಬೇಕಾದ ತುಂಡುಗಳನ್ನೂ ಕ್ಲಿಪ್ಪುಗಳನ್ನೂ ಚೀಲಕ್ಕೆ ತುಂಬಿಕೊಂಡು, ರಸೂಲಸಾಬ ಅದೇ ಗಾಡಿಯಲ್ಲಿ ಮಂಗಳೂರಿಗೆ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಂದಿಸಿ ನೋಡಿದ. ಎಲ್ಲಿಂದ ಶುರು ಮಾಡಿದರೂ ಅದು ಒಂದೇ ಕಡೆಗೆ ಹೋಗಿ ನಿಲ್ಲುತ್ತಿತ್ತು.

ಆ ದಿನ ಕೆಲಸವಿರಲಿಲ್ಲ. ಮುದಕಮ್ಮ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ, ಇನ್ನೊಂದು ಮೊರ ಹಿಡಿದು ಕೇರುತ್ತ ಪಾರ್ವತೆಮ್ಮ.

"ಬರ್ರಿ ಅಣ್ಣಾ, ಬರ್ರಿ" ಎಂದು ಮುದಕಮ್ಮ ಎದ್ದು ಚಾಪೆ ಹಾಸಿದಳು.

"ತಂಗೀ, ನಿನ್ನ ಕೂಡ ಒಂದು ಮಾತೈತಿ. ಒಳಗ ಬಾ."

"ಪಾರ್ವತವ್ವನ ಮುಂದ ಮುಚ್ಚೂವಂಥಾದ್ದು ನನ್ನ ಹತ್ರ ಏನೂ ಇಲ್ರಿ. ಇಲ್ಲೇ ಹೇಳ್ರಿ."

ರಸೂಲಸಾಬ ಚಾಪೆಯ ಮೇಲೆ ಕೂರಲಿಲ್ಲ. "ನೀ ಮಂದಿಗೆ ಕೊಟ್ಟ ಪೈಪು ಐತಲ್ಲ, ಅದನ್ನ ಗಾಡಿಗೆ ಹಾಕಬಾರ್ದವಾ. ಬಿಸಿ ಎಣ್ಣಿಗೆ ಮೆತ್ತಗಾಗಿ ಕಳಚತೈತಿ. ಬಿಚ್ಚಾಕ ಬಂದೇನಿ."

"ಕಳಚತೈತಿ?" ಮತ್ತೆ ಮೊರ ಎತ್ತಿಕೊಂಡಿದ್ದ ಮುದಕಮ್ಮನ ಕೈ ಹಾಗೇ ನಿಂತಿತು. ಅವಳು ದಡ್ಡಿಯಲ್ಲ, ಅಷ್ಟು ದೊಡ್ಡ ಗುಂಪು ಕಟ್ಟಿ ನಡೆಸಿದ ಹೆಂಗಸು. ಅವನ ಮುಖ ನೋಡಿದಳು. "ಹಂಗಾದ್ರ ಅವತ್ತು?"

ಅವನು ನೆಲ ನೋಡಿದ.

"ಅಣ್ಣಾ, ಅವತ್ತು ಪಂಪು ಹೋಗಿತ್ತೋ, ಪೈಪು ಹೋಗಿತ್ತೋ?"

"ಪಂಪು ಸರಿ ಇತ್ತವಾ."

ಪಾರ್ವತೆಮ್ಮ ಒಮ್ಮೆ ಇವನನ್ನು, ಒಮ್ಮೆ ಅವಳನ್ನು ನೋಡುತ್ತಿದ್ದಳು. ಇನ್ನೂ ಅವಳಿಗೆ ಅರ್ಥವಾಗಿರಲಿಲ್ಲ. ಮುದಕಮ್ಮ ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಅವರು ಕುಡದಿದ್ದಿಲ್ಲ ಅಂದ್ರಿ. ಅದು ಖರೇನೋ, ಅದೂ ಸುಳ್ಳೋ?"

"ಖರೇ. ಅಲ್ಲಾನ ಆಣೆ, ಖರೇ. ಬಾಟಲ್ಯಾಗ ಇದ್ದದ್ದು ಎಣ್ಣಿನ."

"ಹಂ" ಎಂದಳು. ಪಾರ್ವತೆಮ್ಮನ ಕಡೆ ತಿರುಗಿದಳು. "ಪಾರ್ವತವ್ವಾ, ಅವತ್ತ ಆ ಪೈಪು ಕೊಯ್ದು ಕೊಟ್ಟಾಕಿ ನಾನು. ಅವರು ಇವತ್ತ ಹೋಗೂದ ಬ್ಯಾಡ ಅಂದಿದ್ರು. ನಾನ ಹೊಂಡಿಸಿದ್ನಿ. ನಿನ್ನ ಮಗಳನ್ನ ಕೊಂದಾಕಿ ನಾನು."

ಪಾರ್ವತೆಮ್ಮ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮೊರದಲ್ಲಿದ್ದ ಜೋಳವನ್ನು ಮುದಕಮ್ಮನ ರಾಶಿಗೆ ಸುರಿದಳು. ಸೆರಗು ಕೊಡವಿದಳು. ಹೊಸ್ತಿಲು ದಾಟುವಾಗ ಗೋಡೆ ಹಿಡಿದು ಒಂದು ಗಳಿಗೆ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು ಹೋಗಿಬಿಟ್ಟಳು.

"ನಿನಗ ನೋವಾಗ್ತೈತಂತ, ತಂಗೀ..." ಎಂದು ರಸೂಲಸಾಬ ಶುರು ಮಾಡಿದ.

"ನೀವು ಅವತ್ತ ಹೇಳಿದ್ರ ನಾ ಒಬ್ಬಾಕಿನ ಅಳ್ತಿದ್ನಿ ಅಣ್ಣಾ" ಎಂದಳು ಮುದಕಮ್ಮ. ಸಿಟ್ಟಿರಲಿಲ್ಲ ದನಿಯಲ್ಲಿ, ಸಿಟ್ಟಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಈಗ ಆಕಿ ನನ್ನ ಕೈತುತ್ತು ಉಂಡಾಳ. ಅದನ್ನ ಹೆಂಗ ಹೊರಗ ತಗೀಬೇಕು ಆಕಿ?"

ಅಷ್ಟು ಜನರ ಬಾಯಿ ಮುಚ್ಚಿಸಿದ ಮನುಷ್ಯ ಕೈಯಲ್ಲಿ ಚೀಲ ಹಿಡಿದು ಕಂಬದ ಹಾಗೆ ನಿಂತಿದ್ದ.

ಮುದಕಮ್ಮ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. "ನಡೀರಿ. ಯಾರ್ಯಾರಿಗೆ ಕೊಟ್ಟೇನಿ ಅಂತ ನನಗ ಗೊತ್ತೈತಿ."

"ನೀ ಯಾಕ? ಮನಿ ತೋರಿಸಾಕ ವಿರುಪಾಕ್ಷಿ ಅದಾನ."

"ಅಂವಾ ಹೇಳಿದ್ರ ತಗ್ಯಾಂಗಿಲ್ರಿ ಯಾರೂ. ಗಟ್ಟಿ ಪೈಪು ಅಂತ ನಾನ ಹೇಳಿ ಕೊಟ್ಟೇನಿ. ನಾನ ಹೇಳಬೇಕು."

ಮೊದಲ ಮನೆಯ ಮುಂದೆ ನಿಂತು ಯಜಮಾನನನ್ನು ಹೆಸರು ಹಿಡಿದು ಹೊರಗೆ ಕರೆದಳು. "ಈ ಪೈಪು ತಗಸ್ರಿ. ನನ್ನ ಗಂಡನ್ನೂ ಪಾರ್ವತವ್ವನ ಮಗಳನ್ನೂ ಕೊಂದದ್ದು ಇದು. ಕೊಟ್ಟಾಕಿ ನಾನು." ರಸೂಲಸಾಬ ಬಾನೆಟ್ಟಿನೊಳಗೆ ತಲೆ ಹಾಕಿ ಬಿಚ್ಚಿದ, ಹೊಸದು ಕೂರಿಸಿದ, ಯಾರ ಮುಖವನ್ನೂ ನೋಡಲಿಲ್ಲ. ಎರಡನೆಯ ಮನೆಯ ಮುಂದೆಯೂ ಅವಳು ಅದನ್ನೇ ಹೇಳಿದಳು. ಅಷ್ಟು ಹೊತ್ತಿಗೆ ಓಣಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಯಾರೋ ಒಬ್ಬಳು ಮಗುವನ್ನು ಒಳಗೆ ಎಳೆದುಕೊಂಡಳು.

ಮೂರನೆಯ ಗಾಡಿ ನಿಂತದ್ದು ಪಾರ್ವತೆಮ್ಮನ ಮನೆಯ ಎದುರಿಗೇ. ಅವಳ ಬಾಗಿಲು ಅರ್ಧ ತೆರೆದಿತ್ತು. ಮುದಕಮ್ಮ ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ, ಅದೇ ಮಾತನ್ನು ಅಷ್ಟೇ ಸ್ಪಷ್ಟವಾಗಿ ಹೇಳಿದಳು. ರಸೂಲಸಾಬನ ಸ್ಕ್ರೂಡ್ರೈವರ್ ಕ್ಲಿಪ್ಪಿನ ಮೇಲಿಂದ ಜಾರಿತು, ಎಣ್ಣೆ ಮೊಣಕೈ ತನಕ ಇಳಿಯಿತು.

"ಸಾವಕಾಶ ಬಿಚ್ರಿ ಅಣ್ಣಾ" ಎಂದಳು ಮುದಕಮ್ಮ.

ಹಿಂದೆ ಪಾರ್ವತೆಮ್ಮನ ಬಾಗಿಲು ಮುಚ್ಚಿ, ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿಸಿತು. ಇಬ್ಬರೂ ತಿರುಗಿ ನೋಡಲಿಲ್ಲ. ಇನ್ನೊಂದು ಗಾಡಿ ಬಾಕಿ ಇತ್ತು.